ಹಳೇ ಪಿಕಪ್: ಹೊಳಪು ಮರೆಸಿದ ದುಡಿಮೆ

ಅಮೆರಿಕದ ಹಳೇ ಪಿಕಪ್ ಟ್ರಕ್ ಎಂದೊಡನೆ ಕಣ್ಣಿಗೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಕೆಂಪು ಬಣ್ಣ, ಉಬ್ಬಿದ ಮಡ್‌ಗಾರ್ಡು, ಹಿಂದಿನ ತೊಟ್ಟಿಯಲ್ಲಿ ಮಿರುಗುವ ಮರದ ಹಲಗೆ, ಅದರ ಮೇಲೊಂದು ಕ್ರಿಸ್‌ಮಸ್ ಮರ. ಗ್ರೀಟಿಂಗ್ ಕಾರ್ಡು, ಕ್ಯಾಲೆಂಡರು, ಆಟಿಕೆ, ಜಾಹೀರಾತುಗಳೆಲ್ಲ ಇದನ್ನೇ ಅಚ್ಚು ಹಾಕಿ ಹಾಕಿ, ಆ ಗಾಡಿ ಯಾವ ಕೆಲಸಕ್ಕೆ ಹುಟ್ಟಿತು ಎಂಬುದೇ ಮರೆತುಹೋಗಿದೆ. ಅದರ ಸುತ್ತ ಬೆಳೆದ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಈ ಮರೆವಿನಿಂದಲೇ ಬಂದವು.

ತಪ್ಪು ಕಲ್ಪನೆ 1: ಪಿಕಪ್ಪನ್ನು ಹುಟ್ಟಿಸಿದ್ದು ಫೋರ್ಡ್ ಕಂಪನಿ, 1925ರಲ್ಲಿ.

ವಾಸ್ತವ: 1925ರ ಏಪ್ರಿಲ್‌ನಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿಗೆ ಉಕ್ಕಿನ ತೊಟ್ಟಿ ಜೋಡಿಸಿ 281 ಡಾಲರಿಗೆ ಮಾರಾಟಕ್ಕಿಟ್ಟದ್ದು ನಿಜ. ಆದರೆ ಅಷ್ಟರೊಳಗೆ ರೈತರೂ ಅಂಗಡಿಯವರೂ ಆ ಕೆಲಸವನ್ನು ತಾವೇ ಮಾಡಿಕೊಂಡಾಗಿತ್ತು. ನಮ್ಮ ಲಾರಿ ಮಾಲೀಕರು ಚಾಸಿ ತಂದು ಬಾಡಿ ಕಟ್ಟಿಸುವ ಹಾಗೆ, ಅವರೂ ಬರೀ ಚಾಸಿ ಕೊಂಡು ಊರಿನ ಬಡಗಿಯಿಂದಲೋ ಬಾಡಿ ಕಟ್ಟುವ ಕಾರ್ಖಾನೆಯಿಂದಲೋ ತೊಟ್ಟಿ ಮಾಡಿಸಿಕೊಳ್ಳುತ್ತಿದ್ದರು. ಫೋರ್ಡ್ 1917ರಲ್ಲೇ ಒಂದು ಟನ್ನಿನ ಮಾಡೆಲ್ ಟಿಟಿ ಚಾಸಿ ಮಾರತೊಡಗಿತ್ತು, ಷೆವರ್ಲೆ 1918ರಲ್ಲಿ ಈ ವ್ಯಾಪಾರಕ್ಕಿಳಿದಿತ್ತು. ಹೀಗೆ ರೈತರು ಮೊದಲೇ ಕಂಡುಕೊಂಡಿದ್ದ ಉಪಾಯಕ್ಕೆ 1925ರಲ್ಲಿ ಕಾರ್ಖಾನೆಯ ಮುದ್ರೆ ಬಿತ್ತು, ಅಷ್ಟೆ. ಮೊದಲ ವರ್ಷವೇ ಸುಮಾರು 34 ಸಾವಿರ ಗಾಡಿ ಖರ್ಚಾದವು.

ತಪ್ಪು ಕಲ್ಪನೆ 2: ಹಳೇ ಅಮೆರಿಕನ್ ಪಿಕಪ್ ಎಂದರೆ ಗುಡುಗುವ, ಎಂಟು ಸಿಲಿಂಡರಿನ ವಿ-8 ಎಂಜಿನ್.

ವಾಸ್ತವ: ಗುಡುಗಿದ್ದು ಕೆಲವು ಮಾತ್ರ. 1947ರಲ್ಲಿ ಬಂದು ಯುದ್ಧಾನಂತರದ ಅಮೆರಿಕದ ಹೊಲ ಹಾದಿಗಳನ್ನೆಲ್ಲ ತುಂಬಿದ ಷೆವರ್ಲೆ 'ಅಡ್ವಾನ್ಸ್ ಡಿಸೈನ್' ಪಿಕಪ್‌ಗೆ ಇದ್ದದ್ದು ಸಾಲಾಗಿ ನಿಂತ ಆರು ಸಿಲಿಂಡರುಗಳ, 90 ಅಶ್ವಶಕ್ತಿಯ ಎಂಜಿನ್. ಕಂಪನಿ ಅದಕ್ಕೆ ಕೊಟ್ಟ ಹೆಸರು 'ಥ್ರಿಫ್ಟ್‌ಮಾಸ್ಟರ್', ಅಂದರೆ ಮಿತವ್ಯಯದಲ್ಲಿ ನಿಪುಣ. ಕೊಳ್ಳುವವನ ಕಣ್ಣು ಮಿತವ್ಯಯದ ಮೇಲಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಷೆವರ್ಲೆ ಪಿಕಪ್‌ಗೆ ವಿ-8 ಬಂದದ್ದು 1955ರಲ್ಲಿ. ಫೋರ್ಡ್ 1932ರಿಂದಲೂ ವಿ-8 ಮಾರುತ್ತಿತ್ತು, ಆದರೆ 1948ರ ಎಫ್-1 ಪಿಕಪ್ಪಿನಲ್ಲಿ ಅದರ ಶಕ್ತಿ 100 ಅಶ್ವಶಕ್ತಿ, ಪಕ್ಕದಲ್ಲೇ ಇದ್ದ ಆರು ಸಿಲಿಂಡರಿನದು 95. ಇಂಥ ಎಷ್ಟೋ ಗಾಡಿಗಳ ಮೊದಲ ಗೇರು ನಡೆಯುವ ಮನುಷ್ಯನ ವೇಗದಲ್ಲಿ ಉತ್ತ ಹೊಲ ದಾಟಲೆಂದು ಇತ್ತು. ಇವತ್ತು ಪ್ರದರ್ಶನಗಳಲ್ಲಿ ಅಬ್ಬರಿಸುವ ಎಷ್ಟೋ ಎಂಜಿನ್‌ಗಳು ಆಮೇಲೆ ಕೂರಿಸಿದವು.

ತಪ್ಪು ಕಲ್ಪನೆ 3: ಮರದ ಹಲಗೆ, ಹೊರಗೆ ಉಬ್ಬಿದ ಮಡ್‌ಗಾರ್ಡು ಎಲ್ಲ ಅಂದಕ್ಕಾಗಿ.

ವಾಸ್ತವ: ಅಂದ ಅಂಟಿಕೊಂಡಿದ್ದು ನಾವು ನೋಡುವ ದೃಷ್ಟಿಯಿಂದ. ಪೈನ್ ಅಥವಾ ಓಕ್ ಹಲಗೆಗಳನ್ನು ಜೋಡಿಸಿ ನಡುವೆ ಉಕ್ಕಿನ ಪಟ್ಟಿ ಬಿಗಿದರೆ ಹಲವು ಅನುಕೂಲ. ಕಲ್ಲು, ಕಬ್ಬಿಣ ಎತ್ತಿ ಹಾಕಿದರೆ ತಗಡು ನೆಗ್ಗುವ ಹಾಗೆ ಹಲಗೆ ನೆಗ್ಗುವುದಿಲ್ಲ. ಪಟ್ಟಿಯ ಮೇಲೆ ಮೂಟೆ ಸಲೀಸಾಗಿ ಜಾರುತ್ತದೆ. ಒಂದು ಹಲಗೆ ಸೀಳಿದರೆ ಅದೊಂದನ್ನೇ ಬದಲಿಸಿದರಾಯಿತು, ಅದೂ ಮನೆಯಲ್ಲೇ. ಮಡ್‌ಗಾರ್ಡು ಹೊರಗಿದ್ದುದರಿಂದ ತೊಟ್ಟಿಯ ಒಳಗೋಡೆ ನೇರವಾಗಿ, ಚಕ್ರದ ಉಬ್ಬಿಲ್ಲದೆ ಉಳಿಯಿತು. ಕ್ಯಾಬಿನ್ನಿಗೂ ಹಿಂದಿನ ಚಕ್ರಕ್ಕೂ ನಡುವಿನ ಜಾಗದಲ್ಲಿ ಮೆಟ್ಟಿಲು ಬಂತು, ಅದರ ಮೇಲೆ ಕಾಲಿಟ್ಟು ಪಕ್ಕದಿಂದಲೇ ಸಾಮಾನು ಎತ್ತಿಕೊಳ್ಳಬಹುದಿತ್ತು. 1957ರಲ್ಲಿ ಫೋರ್ಡ್, 1958ರಲ್ಲಿ ಷೆವರ್ಲೆ ಅಗಲ ತೊಟ್ಟಿಯ ನಯವಾದ ಮಾದರಿಗಳನ್ನು ತಂದ ಮೇಲೂ ಹಳೆಯ ಮೆಟ್ಟಿಲಿನ ಮಾದರಿಗೆ ಗಿರಾಕಿಗಳು ತಪ್ಪಲಿಲ್ಲ. ಮರಕ್ಕೆ ಇಂದು ಬಳಿಯುವ ವಾರ್ನಿಷ್ ಮಾತ್ರ ದಿವಾನಖಾನೆಯ ಹೊಳಪು. ಗೊಬ್ಬರ, ಹುಲ್ಲು, ಹಂದಿಮರಿ ಹೊರುವ ಗಾಡಿಗೆ ಅದರ ಹಂಗಿರಲಿಲ್ಲ.

ತಪ್ಪು ಕಲ್ಪನೆ 4: ಅರ್ಧ ಟನ್ ಪಿಕಪ್ ಎಂದರೆ ಅರ್ಧ ಟನ್ನಿಗಿಂತ ಹೆಚ್ಚು ಹೊರದು.

ವಾಸ್ತವ: ಅದು ಒಂದು ವರ್ಗದ ಹೆಸರು. ಅಮೆರಿಕದ ಟನ್ನು 2,000 ಪೌಂಡು, ಅದರ ಅರ್ಧವೆಂದರೆ ಸುಮಾರು 450 ಕಿಲೋ. ಫೋರ್ಡ್ 1948ರಲ್ಲಿ ಅರ್ಧ ಟನ್ನಿನ ಎಫ್-1ರಿಂದ ಭಾರೀ ಲಾರಿ ಎಫ್-8ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹೆಸರಿಟ್ಟಿತು. ಷೆವರ್ಲೆಯಲ್ಲಿ ಇದೇ ಲೆಕ್ಕ 3100, 3600, 3800 ಎಂದು ನಡೆಯಿತು. ನಿಜವಾದ ಹೊರೆ ಸ್ಪ್ರಿಂಗು, ಟೈರುಗಳ ಮೇಲೆ ನಿಂತಿತ್ತು, ಅದು ಹೆಸರಿನ ಲೆಕ್ಕ ಮೀರುತ್ತಿತ್ತು.

ತಪ್ಪು ಕಲ್ಪನೆ 5: ಐಷಾರಾಮಿ ಪಿಕಪ್ ಈ ಕಾಲದ ಶೋಕಿ, ಹಳೆಯವು ಬರೀ ಒರಟು.

ವಾಸ್ತವ: ಬಹುಪಾಲು ಒರಟೇ. ಹೀಟರ್, ರೇಡಿಯೊಗಳಿಗೆಲ್ಲ ಬೇರೆ ದುಡ್ಡು ತೆರಬೇಕಿತ್ತು. ಆದರೂ 1955ರಲ್ಲೇ ಷೆವರ್ಲೆ 'ಕ್ಯಾಮಿಯೊ ಕ್ಯಾರಿಯರ್' ಎಂಬ ಸಿಂಗಾರದ ಪಿಕಪ್ ತಂದಿತು. ಚಕ್ ಜಾರ್ಡನ್ ಎಂಬ ಯುವ ವಿನ್ಯಾಸಕಾರನ ಕಲ್ಪನೆ ಅದು. ಪಕ್ಕದ ಫಲಕಗಳು ಫೈಬರ್‌ಗ್ಲಾಸ್. ಮೊದಲ ವರ್ಷ ಸಿಗುತ್ತಿದ್ದದ್ದು ಒಂದೇ ಬಣ್ಣದಲ್ಲಿ, ಕೆಂಪಿನ ಅಂಚಿದ್ದ ಆ ದಂತವರ್ಣದ ಹೆಸರು 'ಬಾಂಬೆ ಐವರಿ'. ಆ ವರ್ಷ ಐದು ಸಾವಿರದಷ್ಟು ಹೋದವು, ಆಮೇಲೆ ಮಾರಾಟ ಇಳಿದು 1958ರಲ್ಲಿ ನಿಂತಿತು. ಕಾರಿನ ಮೈಗೆ ತೊಟ್ಟಿ ಸೇರಿಸಿದ ಫೋರ್ಡ್ ರಾಂಚೆರೊ 1957ರದು, ಷೆವರ್ಲೆ ಎಲ್ ಕಮಿನೊ 1959ರದು. ಇವೂ ಮೊದಲಿನವಲ್ಲ, ಅಂಥ ಗಾಡಿಯನ್ನು ಲ್ಯೂ ಬ್ಯಾಂಟ್ ಎಂಬಾತ ಆಸ್ಟ್ರೇಲಿಯಾದ ಜೀಲಾಂಗ್‌ನ ಫೋರ್ಡ್ ಕಾರ್ಖಾನೆಯಲ್ಲಿ ರೂಪಿಸಿದ್ದ, 1934ರಲ್ಲಿ ಅದು ಮಾರುಕಟ್ಟೆಗೆ ಬಂದಿತ್ತು.

ತಪ್ಪು ಕಲ್ಪನೆ 6: ಪಿಕಪ್ ಕಥೆ ಫೋರ್ಡ್ ಮತ್ತು ಷೆವರ್ಲೆಯ ಜಿದ್ದಾಜಿದ್ದಿ ಮಾತ್ರ, ಗೆದ್ದದ್ದು ಗ್ರಾಹಕರ ಪ್ರೀತಿಯಿಂದ.

ವಾಸ್ತವ: ಪೈಪೋಟಿಯಲ್ಲಿ ಇನ್ನೂ ಅನೇಕರಿದ್ದರು. ಸೈನ್ಯದ ಟ್ರಕ್ಕನ್ನು ಹಳ್ಳಿಗೆ ಒಗ್ಗಿಸಿ ಡಾಡ್ಜ್ 1946ರಲ್ಲಿ 'ಪವರ್ ವ್ಯಾಗನ್' ತಂದಿತು, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ಟ್ರ್ಯಾಕ್ಟರಿಗೆ ಹೆಸರಾದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1957ರಲ್ಲಿ ಆರು ಜನ ಕೂರುವ 'ಟ್ರಾವೆಲೆಟ್' ಕೊಟ್ಟಿತು. ಇಂದಿನ ಡಬಲ್ ಕ್ಯಾಬ್ ಪಿಕಪ್‌ಗಳ ಹಿರಿಯಣ್ಣ ಅದೇ. ವಿಲ್ಲಿಸ್, ಹಡ್ಸನ್, ಸ್ಟೂಡಿಬೇಕರ್ ಕೂಡ ಪಿಕಪ್ ಮಾಡಿದವು. ಸ್ಟೂಡಿಬೇಕರ್ 1963ರ ಕೊನೆಗೆ ಸೌತ್ ಬೆಂಡ್ ಕಾರ್ಖಾನೆಗೆ ಬೀಗ ಹಾಕಿತು, ಇಂಟರ್‌ನ್ಯಾಷನಲ್ 1975ರಲ್ಲಿ ಪಿಕಪ್ ಕೈಬಿಟ್ಟಿತು.

ಉಳಿದವರಿಗೆ ಕಾನೂನಿನ ಕೋಟೆಯೂ ಸಿಕ್ಕಿತು, ಅದೂ ಕೋಳಿಯಿಂದ! ಯುರೋಪಿನ ದೇಶಗಳು ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಏರಿಸಿದವು. ಸೇಡಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಆಲೂ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿಗಳ ಜೊತೆಗೆ ಆಮದು ಲಘು ಟ್ರಕ್ಕುಗಳ ಮೇಲೂ ಸುಂಕ ಹಾಕಿದರು. ಟ್ರಕ್ಕಿನ ಮೇಲಿನದು ಶೇ. 25. ಪೆಟ್ಟು ಬಿದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್‌ಗೆ. ಬೇರೆ ಸುಂಕಗಳು ಕಳಚಿದರೂ ಟ್ರಕ್ಕಿನದು ಉಳಿಯಿತು. ಅದನ್ನು ತಪ್ಪಿಸಿಕೊಳ್ಳಲು ಜಪಾನಿನ ಸುಬಾರು ಕಂಪನಿ ತನ್ನ 'ಬ್ರ್ಯಾಟ್' ಪಿಕಪ್ಪಿನ ತೊಟ್ಟಿಯಲ್ಲಿ ಎರಡು ಸೀಟು ಕೂರಿಸಿ, ಇದು ಪ್ರಯಾಣಿಕರ ಗಾಡಿ ಎಂದು ಸಾಧಿಸಿತ್ತು.

ತಪ್ಪು ಕಲ್ಪನೆ 7: ದಪ್ಪ ಉಕ್ಕಿನ ಹಳೇ ಗಾಡಿ ಇಂದಿನದಕ್ಕಿಂತ ಸುರಕ್ಷಿತ.

ವಾಸ್ತವ: ಮೆಚ್ಚುಗೆ ಕಣ್ಣು ಕಟ್ಟಬಾರದ ಜಾಗ ಇದು. ಗಟ್ಟಿ ಉಕ್ಕು ಡಿಕ್ಕಿಯ ಪೆಟ್ಟನ್ನು ತಾನು ನುಂಗದೆ ಒಳಗಿದ್ದವರಿಗೆ ದಾಟಿಸುತ್ತದೆ. ಸ್ಟಿಯರಿಂಗ್ ಕಂಬ ಎದೆಗೆ ನೇರ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬ್ರೇಕ್ ಆಯಿಲ್‌ಗೆ ಒಂದೇ ಮಾರ್ಗ. ಎಲ್ಲೋ ಒಂದು ಕಡೆ ಸೋರಿದರೆ ಪೆಡಲು ನೆಲಕ್ಕೆ. ಎರಡು ಮಾರ್ಗದ ಬ್ರೇಕು ಷೆವರ್ಲೆ ಪಿಕಪ್‌ಗೆ 1967ರಲ್ಲಿ ಬಂತು, ಮುಂದಿನ ಡಿಸ್ಕ್ ಬ್ರೇಕು 1971ರಲ್ಲಿ. ಅನೇಕ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕು ಇದ್ದದ್ದು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೆ. ಇವನ್ನು ಇಂದು ಓಡಿಸುವವರು ಬ್ರೇಕು, ಸೀಟ್ ಬೆಲ್ಟುಗಳನ್ನು ಸುಧಾರಿಸಿಕೊಂಡರೆ ಇತಿಹಾಸಕ್ಕೆ ಅಪಚಾರವೇನೂ ಆಗದು.

ತಪ್ಪು ಕಲ್ಪನೆ 8: ಹೊಸದರಂತೆ ಮಾಡಿದರೇ ಹಳೇ ಗಾಡಿಗೆ ಗೌರವ.

ವಾಸ್ತವ: ಬಣ್ಣ ಯಾವಾಗ ಬೇಕಾದರೂ ಬಳಿಯಬಹುದು, ಕಾರ್ಖಾನೆಯ ಮೂಲ ಬಣ್ಣ ಒಮ್ಮೆ ಕೆರೆದರೆ ಮುಗಿಯಿತು. ಬಾಗಿಲ ಮೇಲೆ ಮಾಸಿರುವ ಫಾರ್ಮಿನ ಹೆಸರು, ಮೊಣಕೈ ಊರಿ ಊರಿ ಸವೆದ ಕಿಟಕಿಯಂಚು, ತೊಟ್ಟಿಯ ಗೀರುಗಳು, ಇವೆಲ್ಲ ಆ ಗಾಡಿಯ ದಾಖಲೆ. ಇಂಥ ಗುರುತುಗಳನ್ನು ಉಳಿಸಿಕೊಂಡ ಗಾಡಿಗಳಿಗೆ ಈಗ ಎಷ್ಟು ಬೆಲೆಯೆಂದರೆ, ಹೊಸ ಬಣ್ಣದ ಮೇಲೆ ಸುಳ್ಳು ಸವೆತ ಬಿಡಿಸುವವರೂ ಹುಟ್ಟಿದ್ದಾರೆ. ಆದರೆ ಗುರುತು ಬೇರೆ, ಜಂಗು ಬೇರೆ. ಚಾಸಿ, ಕ್ಯಾಬಿನ್ನಿನ ನೆಲ, ಮೂಲೆಗಳನ್ನು ತಿನ್ನುವ ಜಂಗನ್ನು ಕತ್ತರಿಸಿ ಬೆಸುಗೆ ಹಾಕಲೇಬೇಕು.

ತಪ್ಪು ಕಲ್ಪನೆ 9: ನಮಗೂ ಇದಕ್ಕೂ ಸಂಬಂಧವಿಲ್ಲ.

ವಾಸ್ತವ: ಜನರಲ್ ಮೋಟಾರ್ಸ್ 1928ರಲ್ಲೇ ಮುಂಬೈಯ ಶಿವಡಿಯಲ್ಲಿ ಷೆವರ್ಲೆ ಕಾರು, ಲಾರಿ ಜೋಡಿಸತೊಡಗಿತ್ತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಡಾಡ್ಜ್, ಫಾರ್ಗೋ ಜೋಡಿಸುತ್ತಿತ್ತು. ಫಾರ್ಗೋ ಎಂದರೆ ಬೇರೆ ಹೆಸರಿನ ಡಾಡ್ಜ್. ನಮ್ಮ ಹಿರಿಯರು ಕಂಡದ್ದು ಹೆಚ್ಚಾಗಿ ಲಾರಿ, ಬಸ್ಸುಗಳನ್ನು, ಪಿಕಪ್ಪನ್ನಲ್ಲ. ವಂಶ ಮಾತ್ರ ಒಂದೇ.

ಈ ಗಾಡಿಗಳನ್ನು ಸಿಂಗಾರದ ಗೊಂಬೆಗಳೆಂದು ನೆನೆದರೆ ಅರ್ಧ ನೆನೆದಂತೆ. ಇವು ಸಾಲ ಮಾಡಿ ಕೊಂಡ, ದಿನವೂ ದುಡಿದ ಸಲಕರಣೆಗಳು. ಅಮೆರಿಕದಲ್ಲಿರುವ ಕನ್ನಡಿಗರು ಭಾನುವಾರದ ಕಾರ್ ಶೋಗೆ ಹೋದಾಗ ಗ್ರಿಲ್ಲಿನ ಮುಂದೆ ಫೋಟೊ ತೆಗೆಸಿಕೊಳ್ಳುವ ಮೊದಲು ಹಿಂದಿನ ತೊಟ್ಟಿಗೆ ಒಮ್ಮೆ ಇಣುಕಿ. ಮಾಲೀಕರನ್ನು ಇದರ ಬೆಲೆಯೆಷ್ಟು ಎಂದು ಕೇಳುವ ಬದಲು, ಇದು ಏನೇನು ಹೊತ್ತಿದೆ ಎಂದು ಕೇಳಿ.