ಗಾರೆ ಬೀಳುವ ಮುನ್ನ

ಬನಶಂಕರಿ 6ನೇ ಹಂತದಲ್ಲಿ ಅಕ್ಕನ ಮಗಳು ಕಟ್ಟಿಸುತ್ತಿರುವ ಮನೆಗೆ ಇನ್ನೂ ಬಾಗಿಲು ಕೂತಿಲ್ಲ. ಹೊಸ್ತಿಲ ಪೂಜೆಯ ದಿನ ಹಚ್ಚಿದ ಅರಿಸಿನ ಕುಂಕುಮ ತೇಗದ ಚೌಕಟ್ಟಿನ ಮೇಲೆ ಹಾಗೇ ಉಳಿದಿದೆ. ಒಳಗೆ ಬ್ಲಾಕಿನ ಗೋಡೆಗಳು ಬರಿಮೈಯಲ್ಲಿ ನಿಂತಿವೆ. ಗೋಡೆ ಕೊರೆದು ಕೂರಿಸಿದ ಪಿವಿಸಿ ಪೈಪುಗಳು ಸೂರಿನಿಂದ ಇಳಿದು ತಗಡಿನ ಸ್ವಿಚ್ ಬಾಕ್ಸುಗಳಿಗೆ ಬಂದು ಸೇರುತ್ತವೆ. 30×40ರ ಸೈಟು, ಕೆಳಗೊಂದು ಮೇಲೊಂದು ಅಂತಸ್ತು. ಗಂಡ ಹೆಂಡತಿ ಇಬ್ಬರೂ ದುಡಿದು, ಇಪ್ಪತ್ತು ವರ್ಷದ ಸಾಲ ಹೊತ್ತು ಕಟ್ಟಿಸುತ್ತಿರುವ ಮೊದಲ ಮನೆ.

"ಸೋಮವಾರ ಗಾರೆ ಶುರು ಸಾರ್," ಎಂದರು ವೈರಿಂಗ್ ಮೇಸ್ತ್ರಿ. "ಎಲ್ಲೆಲ್ಲಿ ಏನು ಪಾಯಿಂಟ್ ಬೇಕೋ ಇವತ್ತೇ ಹೇಳ್ಬಿಡಿ. ಆಮೇಲೆ ಕೇಳಿದ್ರೆ ಗೋಡೆ ಒಡೀಬೇಕಾಗತ್ತೆ."

ಅವತ್ತು ಶನಿವಾರ. ಹುಡುಗಿ ಫೋನಿನಲ್ಲಿ ಬರೆದಿಟ್ಟ ಪಟ್ಟಿ ತೋರಿಸಿದಳು: ಮಾತು ಕೇಳುವ ಸ್ಪೀಕರ್, ಗಾಜಿನ ಟಚ್ ಸ್ವಿಚ್ಚುಗಳು, ಬೆರಳಿಟ್ಟರೆ ತೆಗೆಯುವ ಬೀಗ, ತಾನೇ ಸರಿಯುವ ಪರದೆ, ನಾಲ್ಕು ಕ್ಯಾಮೆರಾ, ಬಣ್ಣ ಬದಲಿಸುವ ಬಲ್ಬು, ಫೋನಿನಿಂದ ಹಾಕುವ ಗೀಸರ್. "ಗೃಹಪ್ರವೇಶದ ಹೊತ್ತಿಗೆ ಎಲ್ಲಾ ಆಗ್ಬೇಕು ಮಾಮ. ಯಾವ ಕಂಪನಿದು ತಗೊಳ್ಳೋಣ ಹೇಳು."

ಕಂಪನಿಯ ಮಾತು ಆಮೇಲೆ, ಮೊದಲು ಮನೆ ಸುತ್ತೋಣ ಎಂದೆ. ಮೇಸ್ತ್ರಿಯನ್ನೂ ಕರೆದುಕೊಂಡು ಮೂವರೂ ಮೆಟ್ಟಿಲ ಕಡೆಗೆ ಹೊರಟೆವು.

ಮೆಟ್ಟಿಲ ಬುಡದಲ್ಲೊಂದು ಬಾಕ್ಸು, ತುದಿಯಲ್ಲೊಂದು. ಕೆಳಗೆ ಹಾಕಿ ಮೇಲೆ ಆರಿಸುವ ಟೂ-ವೇ ಸ್ವಿಚ್ಚಿನ ಜಾಗ. ಇಲ್ಲಿಗೆ ನ್ಯೂಟ್ರಲ್ ವೈರು ಎಳೀತೀರಾ ಎಂದು ಕೇಳಿದರೆ ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದರು. ಎಳೆಯುವ ರೂಢಿಯಿಲ್ಲ. ನಮ್ಮ ಮನೆಗಳಲ್ಲಿ ಪ್ಲಗ್ ಸಾಕೆಟ್ ಇರುವ ಬೋರ್ಡಿಗೆ ನ್ಯೂಟ್ರಲ್ ಬಂದೇ ಬರುತ್ತದೆ. ಬರೀ ಸ್ವಿಚ್ ಇರುವಲ್ಲಿ, ಅಂದರೆ ಮೆಟ್ಟಿಲು, ಬಚ್ಚಲ ಹೊರಗಿನ ಬೋರ್ಡು, ಹಾಸಿಗೆಯ ತಲೆಗಡೆ, ಹಲವು ಸಲ ಫೇಸು ಮತ್ತು ದೀಪಕ್ಕೆ ಹೋಗುವ ವೈರು ಮಾತ್ರ ಇರುತ್ತವೆ. ಸಾದಾ ಸ್ವಿಚ್ಚಿಗೆ ಅದು ಸಾಕು. ಸ್ಮಾರ್ಟ್ ಸ್ವಿಚ್ ಹಾಗಲ್ಲ. ದೀಪ ಆರಿದ್ದರೂ ಅದು ಎಚ್ಚರವಾಗಿದ್ದು ಸಂದೇಶಕ್ಕೆ ಕಾಯಬೇಕು. ಅದಕ್ಕೆ ಚೂರು ಕರೆಂಟು ಬೇಕು. ನ್ಯೂಟ್ರಲ್ ಇಲ್ಲದಿದ್ದರೆ ಆ ಚೂರನ್ನು ಬಲ್ಬಿನ ಮೂಲಕವೇ ಎಳೆಯುತ್ತದೆ. ಆಗ ಆರಿಸಿದ ಎಲ್‌ಇಡಿ ರಾತ್ರಿಯೆಲ್ಲ ಮಿಣುಕುವುದುಂಟು. ಪೈಪು ಬರಿದಾಗಿರುವಾಗ ಇನ್ನೊಂದು ವೈರು ಎಳೆಯುವುದಕ್ಕೆ ತಗಲುವುದು ವೈರಿನ ಬೆಲೆ ಮಾತ್ರ. ಮನೆಯ ಪ್ರತಿ ಬಾಕ್ಸಿಗೂ ನ್ಯೂಟ್ರಲ್ ಎಂದು ಮೇಸ್ತ್ರಿ ಗೋಡೆಯ ಮೇಲೇ ಸೀಮೆಸುಣ್ಣದಲ್ಲಿ ಬರೆದುಕೊಂಡರು. ಬಾಕ್ಸು ಕೂಡ ಆಳದ್ದೇ ಬೇಕೆಂದೆ. ಸ್ವಿಚ್ಚಿನ ಬೆನ್ನಿಗೆ ಮುಂದೆ ಒಂದು ಮಾಡ್ಯೂಲ್ ಕೂರಿಸಬೇಕಾದರೆ ತೆಳುವಾದ ಬಾಕ್ಸಿನಲ್ಲಿ ಜಾಗವಿರುವುದಿಲ್ಲ.

ಹಾಲಿನಲ್ಲಿ ಟಿವಿಯ ಗೋಡೆ. ರೌಟರ್ ಇಲ್ಲೇ ಎಂದು ಅವರು ಅಂದುಕೊಂಡಿದ್ದರು. ಅದು ಮನೆಯ ಒಂದು ಮೂಲೆ. ಮಾರುಕಟ್ಟೆಯ ಬಹುಪಾಲು ಸ್ಮಾರ್ಟ್ ಸ್ವಿಚ್ಚು, ಪ್ಲಗ್ಗುಗಳು 2.4 ಗಿಗಾಹರ್ಟ್ಸ್ ವೈ-ಫೈನಲ್ಲಿ ಮಾತ್ರ ಕೆಲಸ ಮಾಡುತ್ತವೆ. 5 ಗಿಗಾಹರ್ಟ್ಸಿಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಎರಡಕ್ಕೂ ಕಬ್ಬಿಣ ತುಂಬಿದ ಆರ್‌ಸಿಸಿ ಸೂರನ್ನು ದಾಟುವುದು ಕಷ್ಟ. ಆದ್ದರಿಂದ ರೌಟರನ್ನು ಮನೆಯ ನಡುವಿಗೆ, ಮೆಟ್ಟಿಲ ಹತ್ತಿರಕ್ಕೆ ತಂದೆವು. ಅಲ್ಲಿಂದ ಮೇಲಂತಸ್ತಿನ ಸೂರಿಗೆ ಒಂದು, ಟಿವಿಗೆ ಒಂದು, ಗೇಟಿಗೆ ಒಂದು, ತಾರಸಿಗೆ ಒಂದು ಕ್ಯಾಟ್-6 ಕೇಬಲ್ಲಿನ ಪೈಪು. ಈ ಕೇಬಲ್ 305 ಮೀಟರಿನ ಪೆಟ್ಟಿಗೆಯಲ್ಲಿ ಬರುತ್ತದೆ, ಒಂದು ಪೆಟ್ಟಿಗೆ ಇಂಥ ಮನೆಗೆ ಧಾರಾಳ. ಕರೆಂಟ್ ಪೈಪಿನೊಳಗೇ ಇದನ್ನೂ ತುರುಕಬಾರದು, ಬೇರೆ ಪೈಪೇ ಆಗಬೇಕು. ಕಾಂಪೌಂಡಿನಿಂದ ರೌಟರಿನವರೆಗೆ ಖಾಲಿ ಪೈಪು ಇನ್ನೊಂದು. ಇಲ್ಲವಾದರೆ ಇಂಟರ್ನೆಟ್ಟಿನವರು ಕಂಬದಿಂದ ಕಿಟಕಿಗೆ ಫೈಬರ್ ನೇತುಹಾಕಿ ಹೋಗುತ್ತಾರೆ. ರೌಟರಿನ ಪ್ಲಗ್ಗಿಗೆ ಯುಪಿಎಸ್ ಲೈನು ಬೇಕೆಂಬುದು ಮೇಸ್ತ್ರಿಗೇ ಹೊಳೆಯಿತು. ಕರೆಂಟ್ ಹೋದಾಗ ಮೊದಲು ಸಾಯುವುದು ಅದೇ.

ತಾರಸಿಗೆ ಹತ್ತಿದೆವು. ಬೆಂಗಳೂರಿನ ಮನೆಯಲ್ಲಿ ಯಂತ್ರದ ಜಾಣತನ ನಿಜವಾಗಿ ಬೇಕಾಗುವುದು ಇಲ್ಲಿ, ನೀರಿನ ಟ್ಯಾಂಕಿನ ಬಳಿ. ಹುಡುಗಿಯ ಪಟ್ಟಿಯಲ್ಲಿ ಇದೊಂದು ಇರಲೇ ಇಲ್ಲ. ಕಾವೇರಿ ನೀರು ತನಗೆ ತೋಚಿದ ಹೊತ್ತಿಗೆ ಸಂಪಿಗೆ ಬರುತ್ತದೆ; ಸಂಪಿನಿಂದ ಮೇಲೇರಿಸುವುದು ಮನೆಯವರ ಕೆಲಸ. ಮೋಟರ್ ಹಾಕಿ ಮರೆತು ಟ್ಯಾಂಕು ತುಂಬಿ ಬೀದಿಗೆ ಹರಿಯುವುದು, ಸಂಪು ಬತ್ತಿದ್ದು ತಿಳಿಯದೆ ಮೋಟರ್ ಒಣಗಿ ಓಡಿ ಸುಡುವುದು, ಎರಡನ್ನೂ ನಮ್ಮ ಬೀದಿಯಲ್ಲಿ ಕಂಡಿದ್ದೇನೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ ಊರಿದು. ಮೇಲಿನ ಟ್ಯಾಂಕಿನಲ್ಲೊಂದು ಸೆನ್ಸರ್, ಸಂಪಿನಲ್ಲೊಂದು. ನಡುವೆ ಮೋಟರ್ ನಡೆಸುವ ಕಂಟ್ರೋಲರ್. ಮೇಲೆ ಖಾಲಿಯಾದರೆ ಹಾಕುತ್ತದೆ, ತುಂಬಿದರೆ ನಿಲ್ಲಿಸುತ್ತದೆ, ಸಂಪಿನಲ್ಲಿ ನೀರಿಲ್ಲದಿದ್ದರೆ ಹಾಕುವುದೇ ಇಲ್ಲ. ಇದಕ್ಕೆ ಇಂಟರ್ನೆಟ್ ಬೇಡ, ಆ್ಯಪ್ ಬೇಡ. ಬೇಕಾದದ್ದು ತಾರಸಿಯಿಂದ ಸಂಪಿನವರೆಗೆ ಒಂದು ಪೈಪು, ಅದರೊಳಗೆ ವೈರು. ಅದನ್ನೂ ಸೀಮೆಸುಣ್ಣದಲ್ಲಿ ಬರೆದದ್ದಾಯಿತು.

ಮಧ್ಯಾಹ್ನ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದೆವು. ಮೊದಲು ಬಿ.ವಿ.ಕೆ. ಅಯ್ಯಂಗಾರ್ ರಸ್ತೆ. ತೂಗುದೀಪಗಳ ಸಾಲು, ಸ್ವಿಚ್ಚಿನ ಅಂಗಡಿಗಳು, ಕೈಗಾಡಿಯಲ್ಲಿ ಹೇರಿದ ವೈರಿನ ಸುರುಳಿಗಳು. ಹಳೆಯ ಅಂಗಡಿಯೊಂದರಲ್ಲಿ ಸ್ಮಾರ್ಟ್ ಸ್ವಿಚ್ ತೋರಿಸಿ ಎಂದರೆ ಯಜಮಾನರು ಪೆಟ್ಟಿಗೆ ತೆಗೆಯಲಿಲ್ಲ. "ಬೋರ್ಡಿಗೆ ನ್ಯೂಟ್ರಲ್ ಬಂದಿದೆಯಾಮ್ಮಾ?" ಎಂದೇ ಕೇಳಿದರು. ಬೆಳಗಿನ ನಡಿಗೆ ಸಾರ್ಥಕವಾಯಿತು ಎನಿಸಿತು.

ಅವರು ಎರಡು ಬಗೆ ಮುಂದಿಟ್ಟರು. ಒಂದು ಗಾಜಿನ ಟಚ್ ಪ್ಯಾನೆಲ್. ನೋಡಲು ಚೆಂದ. ಆದರೆ ಆರು ಸ್ವಿಚ್ಚೂ ಒಂದೇ ಹಲಗೆಯಲ್ಲಿ. ಒಂದು ಕೆಟ್ಟರೆ ಆರೂ ಹೋದಂತೆ, ಅದೇ ಅಳತೆಯದು ಮುಂದೆ ಸಿಕ್ಕೀತೆಂಬ ಭರವಸೆಯಿಲ್ಲ. ಇನ್ನೊಂದು ಸಾದಾ ಮಾಡ್ಯುಲರ್ ಸ್ವಿಚ್ಚಿನ ಹಿಂದೆ ಅಡಗಿಸುವ ಪುಟ್ಟ ಮಾಡ್ಯೂಲ್. ಗೋಡೆಯ ಮೇಲೆ ಕೈಗೆ ಸಿಗುವುದು ಅದೇ ಹಳೆಯ ಸ್ವಿಚ್ಚು. ಇಂಟರ್ನೆಟ್ ಹೋದರೂ ಒತ್ತಿದರೆ ದೀಪ ಉರಿಯುತ್ತದೆ. ಮಾಡ್ಯೂಲೇ ಸುಟ್ಟರೆ ಎಲೆಕ್ಟ್ರಿಷಿಯನ್ ಅದನ್ನು ತೆಗೆದು ವೈರು ನೇರ ಜೋಡಿಸಿ ಹೋಗುತ್ತಾನೆ. ನಾನಾದರೆ ಎರಡನೆಯದನ್ನೇ ಕೊಳ್ಳುತ್ತೇನೆ, ಅದೂ ಎಲ್ಲ ಬೋರ್ಡಿಗೆ ಅಲ್ಲ. ಒಂದೊಂದು ಮಾಡ್ಯೂಲ್ ಒಂದೇ ವ್ಯಾಟ್ ತಿಂದರೂ ಮೂವತ್ತು ಸೇರಿ ತಿಂಗಳಿಗೆ 20 ಯೂನಿಟ್ ದಾಟುತ್ತದೆ.

ಅಲ್ಲೇ ಫ್ಯಾನಿನ ಮಾತು ಬಂತು. ಹಳೆಯ ಬಗೆಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 75 ವ್ಯಾಟ್‌ನಷ್ಟು ತಿಂದರೆ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸಿನಲ್ಲಿ ತಿರುಗುತ್ತದೆ. ಐದು ಫ್ಯಾನು ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಸುಮಾರು 80 ಯೂನಿಟ್ ಉಳಿತಾಯ. ಬಣ್ಣದ ಬಲ್ಬಿಗಿಂತ ಮೊದಲು ದುಡ್ಡು ಹೋಗಬೇಕಾದದ್ದು ಇಂಥ ಫ್ಯಾನಿಗೆ. ಬಿಎಲ್‌ಡಿಸಿ ಫ್ಯಾನಿಗೆ ಗೋಡೆಯ ರೆಗ್ಯುಲೇಟರ್ ಕೊಡಬಾರದು, ವೇಗ ಬದಲಿಸುವುದು ಫ್ಯಾನಿನೊಳಗಿನ ಸರ್ಕ್ಯೂಟೇ. ಗೀಸರ್ ವಿಷಯದಲ್ಲಿ ಯಜಮಾನರು ಖಡಾಖಂಡಿತ: "ಸಣ್ಣ ಸ್ಮಾರ್ಟ್ ಪ್ಲಗ್ ಹಾಕ್ಬೇಡಿ, ಕರಗಿಹೋಗತ್ತೆ." ಲೆಕ್ಕವೂ ಅದನ್ನೇ ಹೇಳುತ್ತದೆ. 3 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರಿನ ಪ್ಲಗ್ ಅದನ್ನು ತಾಳಲಾರದು. 16 ಆಂಪಿಯರಿನದೇ ಬೇಕು, ಹಿಂದೆ 4 ಸ್ಕ್ವೇರ್ ಎಂಎಂ ವೈರು, ಸರಿಯಾದ ಅರ್ಥಿಂಗ್, ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಕರೆಂಟ್ ಸೋರಿದ ಕ್ಷಣವೇ ಲೈನು ಕಡಿದು ಜೀವ ಉಳಿಸುವುದು ಈ ಆರ್‌ಸಿಸಿಬಿ. ಇದರಲ್ಲಿ ಒಂದು ರೂಪಾಯಿಯ ಚೌಕಾಸಿಯೂ ಸಲ್ಲದು.

ಅವೆನ್ಯೂ ರಸ್ತೆ ದಾಟಿ, ನಗರ್ತಪೇಟೆಯ ಸಂದುಗಳಲ್ಲಿ ನುಸುಳಿ ಎಸ್.ಪಿ. ರಸ್ತೆ ಸೇರಿದೆವು. ಸಾದರ್ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರನ್ನು ಯಾರೂ ಬಳಸುವುದಿಲ್ಲ. ಸರ್ಕ್ಯೂಟ್ ಬೋರ್ಡು, ಕೇಬಲ್, ಕ್ಯಾಮೆರಾ, ಬಿಡಿ ಭಾಗಗಳು ಗುಡ್ಡೆ ಬಿದ್ದಿರುವ ಈ ಬೀದಿಯಲ್ಲಿ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿನ ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿರುತ್ತಾರೆ.

ಕ್ಯಾಮೆರಾದ ಅಂಗಡಿಯಲ್ಲಿ ನಾನು ಹೆಚ್ಚು ಹೊತ್ತು ನಿಂತೆ. ನಮ್ಮ ಮನೆಗೆ ಕೆಲವು ವರ್ಷದ ಹಿಂದೆ ತಂದ ಕ್ಯಾಮೆರಾ, ಅದರ ಕಂಪನಿ ಆ್ಯಪ್ ನಿಲ್ಲಿಸಿದ ದಿನ ಕಣ್ಣು ಮುಚ್ಚಿತು. ಯಂತ್ರ ಕೆಟ್ಟಿರಲಿಲ್ಲ, ಅದು ಮಾತಾಡಬೇಕಿದ್ದ ಸರ್ವರ್ ಇರಲಿಲ್ಲ. ಹೊರದೇಶಗಳಲ್ಲೂ ಇದು ನಡೆದಿದೆ. 2016ರ ಮೇ ತಿಂಗಳಲ್ಲಿ ನೆಸ್ಟ್ ಕಂಪನಿ ತಾನು ಕೊಂಡಿದ್ದ ರಿವಾಲ್ವ್ ಎಂಬ ಹಬ್‌ನ ಸೇವೆ ನಿಲ್ಲಿಸಿದಾಗ 299 ಡಾಲರ್ ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಪ್ಲಾಸ್ಟಿಕ್ ಡಬ್ಬಿ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಹೇಳದೆ ಕೇಳದೆ ನಿಂತವು. ಗೋಡೆಯ ಮೇಲೆ ಒತ್ತುವ ಸ್ವಿಚ್ಚಿದ್ದುದರಿಂದ ಆ ಮನೆಗಳಲ್ಲಿ ದೀಪವಾದರೂ ಉರಿಯಿತು. ಹೀಗಾಗಿ ನಾನು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ: ನಿಮ್ಮ ಕಂಪನಿ ನಾಳೆ ಮುಚ್ಚಿದರೆ ಇದು ಏನು ಮಾಡುತ್ತದೆ? ಹುಡುಗ ಉತ್ತರ ಹುಡುಕುತ್ತಾ ನಿಂತರೆ ಮುಂದಿನ ಅಂಗಡಿಗೆ ಹೋಗುತ್ತೇನೆ.

ಇಲ್ಲಿನವನು ತಿಳಿದವನು. ಒಂದೇ ಕ್ಯಾಟ್-6 ಕೇಬಲ್ಲಿನಲ್ಲಿ ಕರೆಂಟೂ ಚಿತ್ರವೂ ಹರಿಯುವ ಕ್ಯಾಮೆರಾ ತೋರಿಸಿದ. ಚಿತ್ರ ಕೂಡಿಡುವುದು ಮನೆಯೊಳಗಿನ ರೆಕಾರ್ಡರಿನ ಹಾರ್ಡ್ ಡಿಸ್ಕಿನಲ್ಲಿ, ತಿಂಗಳ ಬಾಡಿಗೆಯಿಲ್ಲ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ, ಪ್ರಮಾಣಪತ್ರವಿರುವುದನ್ನೇ ಕೇಳಿ ಕೊಳ್ಳಬೇಕು. ಕಾರ್ಖಾನೆಯ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲೋಕದ ತುಂಬ ಕ್ಯಾಮೆರಾ, ರೆಕಾರ್ಡರುಗಳನ್ನು ವಶಮಾಡಿಕೊಂಡದ್ದು ಬದಲಿಸದೆ ಬಿಟ್ಟ ಪಾಸ್‌ವರ್ಡುಗಳ ಮೂಲಕವೇ. ನಾಲ್ಕು ಬೇಡ, ಎರಡು ಸಾಕೆಂದೆ: ಒಂದು ಗೇಟಿಗೆ, ಒಂದು ಹಿತ್ತಲಿಗೆ. ಮನೆಯವರು ಕೂತು ಉಂಡು ಮಾತಾಡುವ ಹಾಲಿನೊಳಗೆ ಕ್ಯಾಮೆರಾ ಇಡುವುದು ನನಗೆ ಒಪ್ಪಿಗೆಯಿಲ್ಲ. ಎದುರು ಮನೆಯ ಬಾಗಿಲಿಗೆ ಗುರಿಯಿಡುವುದೂ ತರವಲ್ಲ.

"ಮತ್ತೆ ಕಂಪನಿ ಯಾವುದು ಮಾಮ?" ಎಂದು ಅವಳು ಬಿಡದೆ ಕೇಳಿದಳು. ಪೆಟ್ಟಿಗೆಯ ಮೇಲೆ ಮ್ಯಾಟರ್ ಎಂಬ ಗುರುತಿದೆಯೇ ನೋಡು ಎಂದೆ. ಬೇರೆ ಬೇರೆ ಕಂಪನಿಗಳ ವಸ್ತುಗಳು ಒಂದೇ ಭಾಷೆಯಲ್ಲಿ ಮಾತಾಡಲೆಂದು 2022ರ ಅಕ್ಟೋಬರಿನಲ್ಲಿ ಬಂದ ಮಾನದಂಡ ಅದು. ಗೂಗಲ್, ಆಪಲ್, ಅಮೆಜಾನ್ ಮೂವರೂ ಒಪ್ಪಿದ್ದಾರೆ. ಆದೇಶಗಳು ಮನೆಯ ಜಾಲದೊಳಗೇ ಓಡಾಡುತ್ತವೆ. ಇವತ್ತು ಒಂದು ಕಂಪನಿಯ ಪ್ಲಗ್ಗು, ಮುಂದಿನ ವರ್ಷ ಇನ್ನೊಂದರ ಸ್ವಿಚ್ಚು ಕೊಳ್ಳಲು ಇದು ದಾರಿ. ಮೊದಲ ದಿನವೇ ಒಬ್ಬರ ಹತ್ತಿರ ಇಡೀ ಮನೆಯ ಸೆಟ್ಟು ಕೊಂಡರೆ ಆಮೇಲೆ ಅವರು ಹೇಳಿದ್ದೇ ಬೆಲೆ.

ಸಂಜೆ ವಾಪಸ್ ಬಂದಾಗ ಅವಳ ಅತ್ತೆ ಮನೆ ನೋಡಲು ಬಂದಿದ್ದರು. ಎಪ್ಪತ್ತು ದಾಟಿದ ಜೀವ. ನಿಮಗೇನು ಬೇಕಮ್ಮ ಎಂದು ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದಕ್ಕೆ ಅವರು ಕೋಣೆಯಿಂದ ಬಚ್ಚಲಿನವರೆಗೆ ನಡೆದು ತೋರಿಸಿದರು. "ರಾತ್ರಿ ಎರಡು ಸಲ ಏಳ್ತೀನಪ್ಪ. ಸ್ವಿಚ್ ಹುಡುಕೋಕಾಗಲ್ಲ. ಇಲ್ಲೊಂದು ದೀಪ ತಾನೇ ಹತ್ಕೊಂಡ್ರೆ ಸಾಕು." ಮೈಶಾಖದ ಚಲನೆ ಗುರುತಿಸಿ ದೀಪ ಹೊತ್ತಿಸುವ ಸೆನ್ಸರ್ ಎಷ್ಟೋ ವರ್ಷದಿಂದ ಇದೆ. ಅದಕ್ಕೆ ಫೋನೂ ಬೇಡ, ವೈ-ಫೈಯೂ ಬೇಡ. ನೆಲದಿಂದ ಒಂದಡಿ ಮೇಲೆ, ಕಣ್ಣಿಗೆ ಕುಕ್ಕದ ಹಾಗೆ, ದಾರಿಯುದ್ದಕ್ಕೆ ಎರಡು ದೀಪ. ಮೇಸ್ತ್ರಿ ಕೂಡಲೇ ಗೋಡೆಗೆ ಗೆರೆ ಎಳೆದರು.

ಬೀಗದ ವಿಚಾರವೂ ಅಲ್ಲೇ ತೀರಿತು. ಪಾತ್ರೆ ತಿಕ್ಕಿ, ಬಟ್ಟೆ ಒಗೆದು ಸವೆದ ಅವರ ಬೆರಳನ್ನು ಬೆರಳಚ್ಚಿನ ಬೀಗ ಎಷ್ಟೋ ಸಲ ಗುರುತಿಸದು. ನಂಬರ್ ಒತ್ತುವುದು, ಕೀಲಿಯಿಂದ ತೆಗೆಯುವುದು, ಬ್ಯಾಟರಿ ಸತ್ತಾಗ ಹೊರಗಿನಿಂದ ಕರೆಂಟ್ ಕೊಡುವುದು, ಈ ಮೂರೂ ಇರುವ ಬೀಗವಾದರೆ ಸರಿ. ಒಳಗಿನ ಚಿಲಕ ಹೇಗೂ ಇರಲಿ. ಪರದೆಯ ಮೋಟರನ್ನು ಹುಡುಗಿ ತಾನೇ ಪಟ್ಟಿಯಿಂದ ಹೊಡೆದು, ಕಿಟಕಿಯ ಮೇಲೆ ಒಂದು ಪಾಯಿಂಟ್ ಮಾತ್ರ ಬಿಡಿಸಿದಳು. ಸ್ಪೀಕರ್ ಬೇಕೆನಿಸಿದ ದಿನ ಕೊಂಡರಾಯಿತು, ಅದಕ್ಕೆ ಗೋಡೆ ಕೊರೆಯಬೇಕಿಲ್ಲ.

ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ಕೋರಿಕೆ. ಗಾರೆಯವರು ಬರುವ ಹಿಂದಿನ ದಿನ ಅಳತೆ ಟೇಪನ್ನು ಗೋಡೆಗೆ ಹಿಡಿದು, ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕಾಣುವಂತೆ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಭಾನುವಾರ ನಾವು ತೆಗೆದದ್ದು ನಲವತ್ತಾರು ಫೋಟೊ. ಅವುಗಳ ಒಂದು ಪ್ರತಿ ಮನೆಪತ್ರಗಳ ಜೊತೆಗಿದೆ, ಇನ್ನೊಂದು ಮೇಸ್ತ್ರಿಯ ಫೋನಿನಲ್ಲಿದೆ.