ಬೇಸಿಗೆಯ ಪೆಟ್ರೋಲು, ಚಳಿಗಾಲದ ಪೆಟ್ರೋಲು

2000ನೇ ಇಸವಿಯಿಂದೀಚಿನ ಎರಡು ದಶಕಗಳ ಸರಾಸರಿ ತೆಗೆದರೆ, ಅಮೆರಿಕದ ಬಂಕುಗಳಲ್ಲಿ ಆಗಸ್ಟ್ ತಿಂಗಳ ಪೆಟ್ರೋಲು ಜನವರಿಯದಕ್ಕಿಂತ ಗ್ಯಾಲನ್ನಿಗೆ ಸುಮಾರು 40 ಸೆಂಟ್ ತುಟ್ಟಿ. ಒಂದು ಗ್ಯಾಲನ್ ಅಂದರೆ 3.785 ಲೀಟರ್. ಡಾಲರಿಗೆ 85 ರೂಪಾಯಿ ಹಿಡಿದರೆ ಲೀಟರಿಗೆ 9 ರೂಪಾಯಿ ಫರಕು. ಅದೂ ಹೆಚ್ಚುಕಡಿಮೆ ಪ್ರತಿ ವರ್ಷ, ಅದೇ ತಿಂಗಳುಗಳಲ್ಲಿ.

ಕೇಳಿದವರೆಲ್ಲ ಕೊಡುವ ಕಾರಣ ಪ್ರವಾಸ. ಮೇ ಕೊನೆಯ ಸೋಮವಾರದಿಂದ ಸೆಪ್ಟೆಂಬರ್ ಮೊದಲ ಸೋಮವಾರದವರೆಗೆ ಅಲ್ಲಿ ಕಾರುಗಳು ರಸ್ತೆಯಲ್ಲೇ ಇರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಜನವರಿಯಲ್ಲಿ ದಿನಕ್ಕೆ 80ರಿಂದ 85 ಲಕ್ಷ ಬ್ಯಾರೆಲ್ ಇರುವ ಬಳಕೆ ಬೇಸಿಗೆಯಲ್ಲಿ 90 ಲಕ್ಷ ದಾಟುತ್ತದೆ. ಈ ಕಾರಣ ಸುಳ್ಳಲ್ಲ, ಆದರೆ ಸಾಲದು. ಬೆಲೆ ಏರಲು ಶುರುವಾಗುವುದು ಫೆಬ್ರವರಿ-ಮಾರ್ಚ್‌ನಲ್ಲೇ. ಆಗಿನ್ನೂ ರಜೆಗೆ ಎರಡು-ಮೂರು ತಿಂಗಳು ಬಾಕಿ.

ಉಳಿದ ಕಾರಣ ಇರುವುದು ಪೆಟ್ರೋಲಿನೊಳಗೆ. ಜನವರಿಯಲ್ಲಿ ಮಾರುವ ಪೆಟ್ರೋಲು ಮತ್ತು ಜುಲೈನಲ್ಲಿ ಮಾರುವ ಪೆಟ್ರೋಲು ಒಂದೇ ಅಲ್ಲ. ಪೆಟ್ರೋಲು ಎಷ್ಟು ಬೇಗ ಆವಿಯಾಗುತ್ತದೆ ಎಂಬುದನ್ನು 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಆವಿಯ ಒತ್ತಡದಿಂದ ಅಳೆಯುತ್ತಾರೆ. ಅಳತೆ ಪಿಎಸ್‌ಐನಲ್ಲಿ, ಟೈರಿಗೆ ಗಾಳಿ ಹಿಡಿಸುವಾಗ ನಾವು ನೋಡುವ ಅದೇ ಅಂಕಿ. ಕೊರೆಯುವ ಚಳಿಯಲ್ಲಿ ಎಂಜಿನ್ ಹತ್ತಬೇಕಾದರೆ ಸುಲಭವಾಗಿ ಆವಿಯಾಗುವ ಪೆಟ್ರೋಲು ಬೇಕು. ಹಾಗಾಗಿ ಚಳಿಗಾಲದಲ್ಲಿ 15 ಪಿಎಸ್‌ಐವರೆಗೂ ಹೋಗಬಹುದು. ಬೇಸಿಗೆಯಲ್ಲಿ ಕೇಂದ್ರದ ಪರಿಸರ ಸಂಸ್ಥೆ ಇಪಿಎ ಹಾಕಿರುವ ಮಿತಿ 9, ಹೊಗೆ ದಟ್ಟವಾಗುವ ಕೆಲವು ಪ್ರದೇಶಗಳಲ್ಲಿ 7.8. ಶೇ 10ರಷ್ಟು ಎಥನಾಲ್ ಬೆರೆಸಿದ್ದಕ್ಕೆ ಹಲವೆಡೆ 1 ಪಿಎಸ್‌ಐ ರಿಯಾಯಿತಿ ಉಂಟು.

ಒತ್ತಡ ಏರಿಸುವ ಅಗ್ಗದ ವಸ್ತು ಬ್ಯುಟೇನ್. ಅದರ ಒತ್ತಡ ಸುಮಾರು 52 ಪಿಎಸ್‌ಐ. 9 ಪಿಎಸ್‌ಐ ಪೆಟ್ರೋಲನ್ನು 13ಕ್ಕೆ ಏರಿಸಬೇಕಾದರೆ, ಸ್ಥೂಲ ಲೆಕ್ಕದಲ್ಲಿ, ನೂರು ಬ್ಯಾರೆಲ್ಲಿನಲ್ಲಿ 9ಕ್ಕಿಂತ ಹೆಚ್ಚು ಬ್ಯಾರೆಲ್ ಬ್ಯುಟೇನ್ ಹಿಡಿಸುತ್ತದೆ. ಬೇಸಿಗೆ ಬಂತೆಂದರೆ ಈ ಅಗ್ಗದ ಪಾಲು ಹೊರಹೋಗಬೇಕು, ಅದರ ಜಾಗವನ್ನು ಹೆಚ್ಚು ಸಂಸ್ಕರಣೆ ಬೇಡುವ ದುಬಾರಿ ಘಟಕಗಳು ತುಂಬಬೇಕು.

ವಸಂತದಲ್ಲೇ ದರ ಏಕೆ ಜಿಗಿಯುತ್ತದೆಂದು ತಿಳಿಯಲು ಒಂದು ಟ್ಯಾಂಕನ್ನು ಹತ್ತಿರದಿಂದ ನೋಡಿದರೆ ಸಾಕು. ಟ್ಯಾಂಕಿನ ತಳದಲ್ಲಿ ಶೇ 10ರಷ್ಟು ಹಳೆಯ, 13 ಪಿಎಸ್‌ಐ ಪೆಟ್ರೋಲು ಉಳಿದಿದೆ ಎನ್ನಿ. ಮೇಲೆ ಸರಿಯಾಗಿ 9ರ ಹೊಸ ಪೆಟ್ರೋಲು ತುಂಬಿದರೂ ಒಟ್ಟು 9.4 ಆಗುತ್ತದೆ, ಇಡೀ ಟ್ಯಾಂಕು ನಿಯಮಕ್ಕೆ ಹೊರಗೆ. ಆದ್ದರಿಂದ ಹಳೆಯದನ್ನು ಬಹುಪಾಲು ಖಾಲಿ ಮಾಡಿಯೇ ಹೊಸದನ್ನು ತುಂಬಬೇಕು. ಬಂಕುಗಳಿಗೆ ಪೂರೈಸುವ ದಾಸ್ತಾನು ಟರ್ಮಿನಲ್‌ಗಳಿಗೆ ಮೇ 1 ಗಡುವು, ಬಂಕುಗಳಿಗೆ ಜೂನ್ 1. ದೇಶದುದ್ದಕ್ಕೂ ದಾಸ್ತಾನು ಇಳಿಯುವ ಇದೇ ವಾರಗಳಲ್ಲಿ ಹಲವು ಸಂಸ್ಕರಣಾಗಾರಗಳು ದುರಸ್ತಿಗೆಂದು ಘಟಕಗಳನ್ನು ನಿಲ್ಲಿಸಿರುತ್ತವೆ. ಸೆಪ್ಟೆಂಬರ್ 15ಕ್ಕೆ ಬೇಸಿಗೆಯ ನಿಯಮ ಮುಗಿದರೆ ಬ್ಯುಟೇನ್ ವಾಪಸು ಬರುತ್ತದೆ, ದರ ಇಳಿಯುತ್ತದೆ.

ಇಷ್ಟೆಲ್ಲ ಖರ್ಚು ಏಕೆ? ಬಿಸಿಲಿನಲ್ಲಿ ಪೆಟ್ರೋಲಿನ ಆವಿ ವಾಹನಗಳ ನೈಟ್ರೋಜನ್ ಆಕ್ಸೈಡ್‌ಗಳೊಂದಿಗೆ ಸೇರಿ ನೆಲಮಟ್ಟದ ಓಜೋನ್ ಆಗುತ್ತದೆ. ಆಸ್ತಮಾ ಇರುವ ಮಗುವಿಗೆ ಅದು ಉಸಿರು ಕಟ್ಟಿಸುವ ಗಾಳಿ. 1989ರಲ್ಲಿ ಶುರುವಾಗಿ 1992ರಲ್ಲಿ ಬಿಗಿಯಾದ ಈ ನಿಯಮವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಂಕಿನಲ್ಲಿ ಕೊಡುವ ಹೆಚ್ಚುವರಿ ಹಣದಲ್ಲಿ ಒಂದು ಪಾಲಾದರೂ ಶ್ವಾಸಕೋಶಕ್ಕೆ ಸಲ್ಲುತ್ತದೆ.

ಕ್ಯಾಲಿಫೋರ್ನಿಯಾದ ಲೆಕ್ಕ ಇನ್ನೂ ಬಿಗಿ. ಬೇಸಿಗೆಯ ಮಿತಿ 7 ಪಿಎಸ್‌ಐ ಆಸುಪಾಸು, ಅವಧಿ ಅಕ್ಟೋಬರ್ ಕೊನೆಯವರೆಗೆ. ಪೂರ್ವದ ಸಂಸ್ಕರಣಾಗಾರಗಳಿಂದ ಪೈಪ್‌ಲೈನ್ ಇಲ್ಲ, ಹಡಗಿನಲ್ಲಿ ತರಿಸಲು ವಾರಗಳೇ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಕೆಲವು ಘಟಕಗಳು ಒಟ್ಟಿಗೆ ನಿಂತಾಗ ದರ ಗ್ಯಾಲನ್ನಿಗೆ 6.40 ಡಾಲರ್ ಸಮೀಪಿಸಿತು. ದೇಶದ ಸರಾಸರಿ ಆಗ 3.80ರ ಸುತ್ತ. ಸ್ಯಾನ್ ಹೋಸೆ, ಫ್ರೀಮಾಂಟ್‌ಗಳ ಕನ್ನಡ ಮನೆಗಳೂ ಆ ದರವನ್ನೇ ತೆತ್ತವು. ಸೆಪ್ಟೆಂಬರ್ 30ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಚಳಿಗಾಲದ ಪೆಟ್ರೋಲನ್ನು ಒಂದು ತಿಂಗಳು ಮೊದಲೇ ಬಿಡಲು ಸೂಚಿಸಿದರು, ಅಕ್ಟೋಬರ್‌ನಲ್ಲೇ ದರ ಇಳಿಯತೊಡಗಿತು.

ಕಚ್ಚಾ ತೈಲ ಅಲುಗಾಡಿದರೆ ಮಾತ್ರ ಋತುವಿನ ಲೆಕ್ಕ ಕೊಚ್ಚಿಹೋಗುತ್ತದೆ. ಬ್ಯಾರೆಲ್ಲಿಗೆ 42 ಗ್ಯಾಲನ್, ಹಾಗಾಗಿ ಬ್ಯಾರೆಲ್ಲಿಗೆ 1 ಡಾಲರ್ ಏರಿದರೆ ಗ್ಯಾಲನ್ನಿಗೆ 2.4 ಸೆಂಟ್. 2008ರ ಜುಲೈನಲ್ಲಿ 4.11 ಡಾಲರ್ ಇದ್ದ ಪೆಟ್ರೋಲು ಡಿಸೆಂಬರ್ ಕೊನೆಗೆ 1.61ಕ್ಕೆ ಬಿತ್ತು. ಅದು ಬ್ಯುಟೇನ್ ಮಾಡಿದ ಕೆಲಸವಲ್ಲ. ಬೆಂಗಳೂರಿನಲ್ಲಂತೂ ಋತುವಿನ ಸುಳಿವೇ ಸಿಗದು. 2024ರ ಜೂನ್‌ನಲ್ಲಿ ಪೆಟ್ರೋಲು ಲೀಟರಿಗೆ ಸುಮಾರು 3 ರೂಪಾಯಿ ಏರಿದ್ದು ರಾಜ್ಯದ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿದ್ದರಿಂದ.

ಚಳಿಗಾಲದ ಅಗ್ಗದ ದರವೂ ಪೂರ್ತಿ ಉಳಿತಾಯವಲ್ಲ. ಬೇಸಿಗೆಯ ಪೆಟ್ರೋಲಿನಲ್ಲಿ ಶೇ 1.7ರಷ್ಟು ಹೆಚ್ಚು ಶಕ್ತಿ ಇರುತ್ತದೆ. ದರ 3.50 ಡಾಲರ್ ಎಂದು ಹಿಡಿದರೆ ಗ್ಯಾಲನ್ನಿಗೆ 6 ಸೆಂಟಿನ ಮೈಲೇಜು ಜನವರಿಯಲ್ಲಿ ಕೈತಪ್ಪುತ್ತದೆ. ಮೇಲೆ ಚಳಿಯದೇ ಹೊಡೆತ ಬೇರೆ. ಊರೊಳಗಿನ ಓಡಾಟದಲ್ಲಿ, 25 ಡಿಗ್ರಿಯಲ್ಲಿ ಸಿಗುವ ಮೈಲೇಜಿಗಿಂತ ಮೈನಸ್ 7ರಲ್ಲಿ ಸುಮಾರು ಶೇ 15 ಕಡಿಮೆ.