ಜಿಲ್ಲಾ ಕಚೇರಿಯಿಂದ ತೊಗರಿಯ ಹೊಲಕ್ಕೆ

ಆಳಂದ ತಾಲ್ಲೂಕಿನ ಸರಸಂಬಾದಂಥ ಗ್ರಾಮಗಳ ತರುಣರು ಕೆಲಸವನ್ನರಸಿ ಪುಣೆ, ಮುಂಬಯಿಗಳಿಗೆ ಹೋಗದೆ ತಮ್ಮ ಜಿಲ್ಲೆಯಲ್ಲಿಯೇ ಕಸುಬು ಕಲಿತು ಬಾಳಲಾಗದೆ? ಇಂಥ ಪ್ರಶ್ನೆಗಳೊಡನೆ ಸೆಣಸಬಲ್ಲ ಯುವಜನರನ್ನು ಸಿದ್ಧಗೊಳಿಸಲು 2020ರಲ್ಲಿ ಮಹಾತ್ಮ ಗಾಂಧಿ ರಾಷ್ಟ್ರೀಯ ಫೆಲೋಶಿಪ್ ಆರಂಭವಾಯಿತು.

ಬೆಂಗಳೂರಿನ ಐ.ಐ.ಎಂ. ಸಂಸ್ಥೆಯು ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ 75 ಜಿಲ್ಲೆಗಳಿಗಾಗಿ ಪದವೀಧರರನ್ನು ಆರಿಸಿತು. ವಯಸ್ಸು 21ರಿಂದ 30. ಅವಧಿ ಎರಡು ವರ್ಷ. ಮೊದಲ ವರ್ಷದ ಮಾಸಾಶನ 50,000 ರೂಪಾಯಿ. ನಡುನಡುವೆ ತರಗತಿಯ ಪಾಠ. ಉಳಿದಂತೆ ಜಿಲ್ಲಾಡಳಿತದೊಡನೆ ದುಡಿಮೆ. ಜಿಲ್ಲೆಯ ಕೌಶಲ್ಯ ಯೋಜನೆಗೆ ನೆರವಾಗುವುದೇ ಅವರ ಹೊಣೆ. 2021ರಲ್ಲಿ ಇದು ದೇಶದ ಇತರ ಜಿಲ್ಲೆಗಳಿಗೂ ಹಬ್ಬಿತು.

ತೊಗರಿಯ ಕಣಜವೆನಿಸಿದ ಕಲಬುರಗಿಯಲ್ಲಿ ಬೇಳೆ ಗಿರಣಿಯ ಯಂತ್ರವನ್ನು ದುರಸ್ತಿ ಮಾಡುವುದೂ ಒಂದು ವಿದ್ಯೆಯೇ. ಕಡತದಲ್ಲಿ ಕಾಣದ ಇಂಥ ಸಂಗತಿ ಹೊಲದ ಬದುವಿನಲ್ಲಿ ಕುಳಿತು ಕೇಳಿದವರಿಗೆ ಕಂಡೀತು. ಬಂದವರು ಎರಡು ವರ್ಷಕ್ಕೆ ಹೊರಟುಹೋದರು. ಅವರು ಕೇಳಿ ತಿಳಿದದ್ದು ಜಿಲ್ಲೆಯಲ್ಲಿಯೇ ಉಳಿದರೆ ಮಾತ್ರ ನಾಯಕತ್ವದ ಆ ಪಾಠ ಸಾರ್ಥಕ.